ಪಂಪ್ ಕೆಟ್ಟಿಲ್ಲ, ಗಾಳಿ ಹೋಗಿದೆ!

ಮೇಲಿನ ಮಹಡಿಯ ಶವರ್‌ನಲ್ಲಿ ನೀರು ಯಾಕೆ ಸಣ್ಣಗೆ ಬರುತ್ತೆ? 10 ಮೀಟರ್ ಎತ್ತರದ ನೀರು ಕೊಡೋದು ಸುಮಾರು 1 ಬಾರ್ ಒತ್ತಡ. ಟ್ಯಾಂಕ್ ಶವರ್‌ಗಿಂತ ಮೂರೇ ಮೀಟರ್ ಮೇಲಿದ್ದರೆ ಸಿಗೋದು 0.3 ಬಾರ್. ಅದಕ್ಕೇ ಬೂಸ್ಟರ್ ಪಂಪ್ ಬೇಕು.

ನಮ್ಮ ಹಾಸ್ಟೆಲ್‌ನ ಪಂಪ್ ಕೆಲವೇ ಸೆಕೆಂಡಿಗೊಮ್ಮೆ ಆನ್-ಆಫ್ ಆಗತೊಡಗಿತು. ‘ಮೋಟರ್ ಹೋಯ್ತು, ಹೊಸದು ಹಾಕಿಸಿ’ ಅಂದರು ಎಲ್ಲರೂ. ನಾವು ಪ್ಲಂಬರ್ ಅಣ್ಣನ ಜೊತೆ ಮೊದಲು ನೋಡಿದ್ದು ಪಕ್ಕದ ಪ್ರೆಶರ್ ಟ್ಯಾಂಕನ್ನು.

ಅದರೊಳಗೆ ರಬ್ಬರ್ ಚೀಲ. ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಗಾಳಿಯೇ ಇಲ್ಲಿ ಸ್ಪ್ರಿಂಗ್. ಅದು ಸೋರಿಹೋದರೆ ನಲ್ಲಿ ತಿರುಗಿಸಿದ ಕೂಡಲೇ ಒತ್ತಡ ಕುಸಿದು ಪಂಪ್ ಆನ್. ಕ್ಷಣದಲ್ಲೇ ಒತ್ತಡ ಏರಿ ಆಫ್. ಪ್ರತಿ ಸ್ಟಾರ್ಟ್‌ಗೂ ಮೋಟರ್ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತೆ. ಹೀಗೇ ಬಿಟ್ಟರೆ ವೈಂಡಿಂಗ್ ನಿಜವಾಗಿಯೂ ಸುಟ್ಟುಹೋಗಬಹುದು.

ಪರೀಕ್ಷೆ ಸುಲಭ. ಮೇನ್ ಆಫ್ ಮಾಡಿ, ಪಂಪ್‌ಗೆ ನೀರು ಬರುವ ವಾಲ್ವ್ ಮುಚ್ಚಿ, ನಲ್ಲಿ ತೆರೆದು ಒತ್ತಡ ಪೂರ್ತಿ ಇಳಿಸಿ. ಆಮೇಲೆ ಟ್ಯಾಂಕಿನ ಗಾಳಿ ವಾಲ್ವ್‌ಗೆ ಟೈರ್ ಗೇಜ್ ಹಿಡಿಯಿರಿ. ಸಾಮಾನ್ಯವಾಗಿ, ಪಂಪ್ ಆನ್ ಆಗುವ ಒತ್ತಡಕ್ಕಿಂತ 2 ಪಿಎಸ್‌ಐ ಕಡಿಮೆ ಇರಬೇಕು. ನಮ್ಮದು ಸೊನ್ನೆ! ಸೈಕಲ್ ಪಂಪ್‌ನಿಂದ ಗಾಳಿ ತುಂಬಿದೆವು. ಆನ್-ಆಫ್ ಆಟ ನಿಂತಿತು.

ಗಾಳಿ ವಾಲ್ವ್‌ನಲ್ಲಿ ನೀರು ಬಂದರೆ? ಚೀಲ ಹರಿದಿದೆ, ಬದಲಿಸಲೇಬೇಕು. ನಲ್ಲಿಗಳೆಲ್ಲ ಮುಚ್ಚಿದ್ದರೂ ಪಂಪ್ ಆಗಾಗ ಓಡಿದರೆ? ಎಲ್ಲೋ ಸೋರಿಕೆ ಇದೆ, ಇಲ್ಲವೇ ನೀರು ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಮೋಟರ್ ಬಿಚ್ಚೋ ಮೊದಲು ಗೇಜ್ ಹಿಡಿಯೋಣ.