ಮೊಹರು ಹಾಕುವವನ ಮೊಹರೇ ಹಳತಾದರೆ?

ಜಾಲದಿಂದ ಇಳಿಸಿಕೊಂಡ ಆಧಾರ್ ಪಿ.ಡಿ.ಎಫ್. ಕಡತವನ್ನು ಕಂಪ್ಯೂಟರಿನಲ್ಲಿ ತೆರೆದಾಗ ಸಹಿಯ ಜಾಗದಲ್ಲಿ ಒಂದು ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣಿಸಿಕೊಳ್ಳುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ‘ಸಹಿಯ ಸಿಂಧುತ್ವ ತಿಳಿಯದು’ ಎಂಬರ್ಥದ ಮಾತೊಂದು ಅದರ ಜೊತೆಗಿರುತ್ತದೆ. ಕಾರ್ಡು ನಕಲಿಯೇನೋ ಎಂದು ಗಾಬರಿಯಾಗಬೇಕಿಲ್ಲ. ಸಾಮಾನ್ಯವಾಗಿ ಸಹಿ ಸರಿಯಾಗಿಯೇ ಇರುತ್ತದೆ. ಆ ಸಹಿ ಹಾಕಿದವರನ್ನು ನಂಬಬಹುದೆಂದು ನಿಮ್ಮ ಕಂಪ್ಯೂಟರಿಗೆ ಯಾರೂ ಹೇಳಿಲ್ಲ, ಅಷ್ಟೆ.

ಹಿಂದೆ ಕಾಲೇಜು ಸೇರುವಾಗ ಅಂಕಪಟ್ಟಿಯ ಯಥಾಪ್ರತಿ ಹಿಡಿದು ಗೆಜೆಟೆಡ್ ಅಧಿಕಾರಿಯನ್ನು ಹುಡುಕಿಕೊಂಡು ಹೋಗುತ್ತಿದ್ದೆವು. ಅವರು ಸಹಿ ಹಾಕಿ ಮೊಹರು ಒತ್ತಿದರೆ ಆ ಪ್ರತಿಗೆ ಬೆಲೆ. ಪ್ರಿನ್ಸಿಪಾಲರಿಗೆ ನೀವು ಅಪರಿಚಿತರು, ಆದರೆ ಮೊಹರು ಪರಿಚಿತ. ಕಂಪ್ಯೂಟರುಗಳ ಜಗತ್ತಿನಲ್ಲಿ ಈ ಕೆಲಸ ಮಾಡುವವರಿಗೆ ಸರ್ಟಿಫಿಕೇಟ್ ಅಥಾರಿಟಿ ಎಂದು ಹೆಸರು, ಚಿಕ್ಕದಾಗಿ ಸಿ.ಎ. (ಲೆಕ್ಕ ಪರಿಶೋಧಕರಿಗೂ ಇದಕ್ಕೂ ಸಂಬಂಧವಿಲ್ಲ!) ‘ಇಂಥ ಹೆಸರಿನ ಯಂತ್ರದ ಸಾರ್ವಜನಿಕ ಕೀಲಿ ಇದು, ಇಂಥ ದಿನದಿಂದ ಇಂಥ ದಿನದವರೆಗೆ ಮಾನ್ಯ’ ಎಂದು ಬರೆದು ಸಿ.ಎ. ತನ್ನ ಗುಪ್ತ ಕೀಲಿಯಿಂದ ಸಹಿ ಮಾಡುತ್ತದೆ. ಅದೇ ಪ್ರಮಾಣಪತ್ರ. ಇದರ ನಮೂನೆ ಮೊದಲು ಗೊತ್ತುಮಾಡಿದ್ದು 1988ರಲ್ಲಿ, ಎಕ್ಸ್.509 ಎಂಬ ಆ ಹೆಸರು ಇಂದಿಗೂ ಉಳಿದಿದೆ.

ಹಾಗಾದರೆ ಸಿ.ಎ.ಗೆ ಮೊಹರು ಹಾಕುವವರು ಯಾರು? ಅದಕ್ಕಿಂತ ಮೇಲಿನ ಇನ್ನೊಂದು ಸಿ.ಎ. ಹೀಗೆ ಏರುತ್ತಾ ಹೋದರೆ ತುತ್ತತುದಿಯಲ್ಲಿ ತನಗೆ ತಾನೇ ಸಹಿ ಹಾಕಿಕೊಂಡ ಒಂದು ಪ್ರಮಾಣಪತ್ರ ಸಿಗುತ್ತದೆ. ಇದು ಮೂಲ ಪ್ರಮಾಣಪತ್ರ. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ಈ ಸ್ಥಾನದಲ್ಲಿರುವವರು ಸಿ.ಎ.ಗಳ ನಿಯಂತ್ರಕರು, ಅಂದರೆ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್. ಸ್ವಯಂ ದೃಢೀಕರಣವನ್ನು ನಂಬಲು ಯಾವ ಗಣಿತದ ಪುರಾವೆಯೂ ಇಲ್ಲ. ಮೊದಲೇ ಒಪ್ಪಿಕೊಂಡಿರಬೇಕು, ಆ ಒಪ್ಪಿಗೆ ಕಂಪ್ಯೂಟರಿನ ನಂಬಿಕೆಯ ಪಟ್ಟಿಯಲ್ಲಿ ಬರೆದಿರಬೇಕು. ಹಳದಿ ಚಿಹ್ನೆಯ ಗುಟ್ಟು ಇಷ್ಟೆ.

ಈಗ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಮುನ್ನೂರು ಕಂಪ್ಯೂಟರು, ಎರಡು ಸಾವಿರ ವಿದ್ಯಾರ್ಥಿಗಳು. ಪ್ರತಿ ಯಂತ್ರದಲ್ಲೂ ಪ್ರತಿಯೊಬ್ಬರ ಹೆಸರು ಬರೆದಿಡುವುದು ಸಾಧ್ಯವಿಲ್ಲದ ಮಾತು. ಆದ್ದರಿಂದ ಎಲ್ಲರ ಹೆಸರು, ಗುಪ್ತಪದ, ಯಾರು ಎಲ್ಲಿಗೆ ಪ್ರವೇಶಿಸಬಹುದೆಂಬ ನಿಯಮ ಇವೆಲ್ಲವನ್ನೂ ಒಂದೇ ಕಡೆ ಇಡುತ್ತಾರೆ. ಇದೇ ಕೇಂದ್ರೀಕೃತ ಗುರುತು ನಿರ್ವಹಣಾ ವ್ಯವಸ್ಥೆ. ಲಿನಕ್ಸ್ ಯಂತ್ರಗಳಿಗೆ ಉಚಿತವಾಗಿ ದೊರೆಯುವ ಫ್ರೀ ಐಪಿಎ ಎಂಬ ತಂತ್ರಾಂಶ ಇದಕ್ಕೆ ಒಳ್ಳೆಯ ಉದಾಹರಣೆ. ಇದರ ಒಳಗೆ ಮುಖ್ಯವಾಗಿ ಮೂವರು ಕೆಲಸಗಾರರು. ಹೆಸರುಗಳ ರಿಜಿಸ್ಟರ್ ಇಟ್ಟುಕೊಂಡ ಡೈರೆಕ್ಟರಿ ಸರ್ವರ್. ಬಂದವರ ಗುಪ್ತಪದ ನೋಡಿ ಚೀಟಿ ಕೊಡುವ ಕರ್ಬೆರಾಸ್. ಯಂತ್ರಗಳಿಗೆ ಪ್ರಮಾಣಪತ್ರ ಬರೆದುಕೊಡುವ ಡಾಗ್‌ಟ್ಯಾಗ್. ಇದು ಆ ಕಾಲೇಜಿನ ಸ್ವಂತ ಸಿ.ಎ. ಕರ್ಬೆರಾಸ್ ಎಂದರೆ ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ. ನಮ್ಮ ಯಮನ ಬಾಗಿಲಲ್ಲೂ ಎರಡು ನಾಯಿಗಳುಂಟು. ಕಾವಲಿಗೆ ನಾಯಿಯೇ ಸರಿಯೆಂದು ಎರಡೂ ಕಡೆಯವರಿಗೆ ತೋಚಿದೆ.

ಡಾಗ್‌ಟ್ಯಾಗ್ ತನ್ನ ಮೂಲ ಪ್ರಮಾಣಪತ್ರವನ್ನು ಸಾಮಾನ್ಯವಾಗಿ 20 ವರ್ಷಕ್ಕೆ ಬರೆದುಕೊಳ್ಳುತ್ತದೆ. ಆದರೆ ದಿನದಿನದ ಕೆಲಸಕ್ಕೆ ಬೇಕಾದ ಒಳಗಿನ ಪ್ರಮಾಣಪತ್ರಗಳು, ಉದಾಹರಣೆಗೆ ಡಾಗ್‌ಟ್ಯಾಗ್ ಡೈರೆಕ್ಟರಿಯ ಮುಂದೆ ತನ್ನ ಗುರುತು ತೋರಿಸುವ ಪತ್ರ, ವೆಬ್ ಸರ್ವರಿನ ಪತ್ರ, ಇವುಗಳ ಆಯುಸ್ಸು ಸುಮಾರು ಎರಡೇ ವರ್ಷ. ಎಲ್ಲವೂ ಒಂದೇ ದಿನ ಹುಟ್ಟಿದವು, ಹೀಗಾಗಿ ಹೆಚ್ಚುಕಡಿಮೆ ಒಂದೇ ದಿನ ಸಾಯುತ್ತವೆ. ಅವುಗಳ ಮೇಲೆ ಕಣ್ಣಿಡಲು ಸರ್ಟ್‌ಮಾಂಗರ್ ಎಂಬ ಒಬ್ಬ ಗುಮಾಸ್ತನಿದ್ದಾನೆ. ಅವಧಿ ಮುಗಿಯಲು 28 ದಿನ ಇರುವಾಗಲೇ ಹೊಸ ಪತ್ರಕ್ಕೆ ಅರ್ಜಿ ಹಾಕುವುದು ಅವನ ಕೆಲಸ. ಅವನು ಸರಿಯಾಗಿದ್ದರೆ ಇಂಥದ್ದೊಂದು ವ್ಯವಹಾರ ನಡೆಯುತ್ತಿದೆಯೆಂದೇ ಯಾರಿಗೂ ತಿಳಿಯುವುದಿಲ್ಲ.

ಬೇಸಿಗೆ ರಜೆ ಬಂತು. ಲ್ಯಾಬಿಗೆ ಬೀಗ, ಸರ್ವರೂ ಬಂದ್. ಆ 28 ದಿನ ರಜೆಯಲ್ಲೇ ಕಳೆದುಹೋಯಿತೆನ್ನಿ. ಅಥವಾ ಯಂತ್ರ ನಡೆಯುತ್ತಲೇ ಇದೆ, ಆದರೆ ಬೇರೊಂದು ದೋಷದಿಂದ ಗುಮಾಸ್ತನ ಅರ್ಜಿ ತಿರಸ್ಕೃತವಾಗುತ್ತಿದೆ. ಈ ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಅವಧಿ ಮುಗಿದ ದಿನ ಹೊರನೋಟಕ್ಕೆ ಏನೂ ಆಗುವುದಿಲ್ಲ. ಕರ್ಬೆರಾಸ್ ಚೀಟಿ ಕೊಡಲು ಈ ಪ್ರಮಾಣಪತ್ರಗಳು ಬೇಕಿಲ್ಲ. ವಿದ್ಯಾರ್ಥಿಗಳು ಎಂದಿನಂತೆ ಲಾಗಿನ್ ಆಗುತ್ತಿರುತ್ತಾರೆ. ಹೊಸ ಕಂಪ್ಯೂಟರನ್ನು ಸೇರಿಸಲು ಹೋದವರಿಗೆ, ನಿರ್ವಹಣಾ ಪುಟ ತೆರೆದವರಿಗೆ ಮಾತ್ರ ತೊಡಕು. ‘ಆಮೇಲೆ ನೋಡೋಣ’ ಎಂದು ಅವರು ಬಿಡುತ್ತಾರೆ. ಕಂಬದೊಳಗೆ ಗೆದ್ದಲು ಹಿಡಿದ ಹಾಗೆ.

ಒಂದು ದಿನ ಕರೆಂಟು ಹೋಗಿ ಬರುತ್ತದೆ. ಸರ್ವರ್ ಹೊಸದಾಗಿ ಏಳಬೇಕು. ಡಾಗ್‌ಟ್ಯಾಗ್ ಏಳುವಾಗ ಡೈರೆಕ್ಟರಿಯ ಬಾಗಿಲು ತಟ್ಟಿ ಗುರುತಿನ ಪತ್ರ ತೋರಿಸುತ್ತದೆ. ‘ಅವಧಿ ಮೀರಿದೆ, ಒಳಗೆ ಬಿಡುವುದಿಲ್ಲ’ ಎಂದು ಡೈರೆಕ್ಟರಿ ಹೇಳುತ್ತದೆ. ಡಾಗ್‌ಟ್ಯಾಗ್ ಏಳಲಿಲ್ಲ. ಫ್ರೀ ಐಪಿಎಯ ಮೇಸ್ತ್ರಿ ಕಟ್ಟುನಿಟ್ಟಿನವನು: ಒಬ್ಬ ಏಳದಿದ್ದರೆ ಎದ್ದ ಉಳಿದವರನ್ನೂ ಮಲಗಿಸಿಬಿಡುತ್ತಾನೆ. ಆಗ ಕರ್ಬೆರಾಸೂ ಇಲ್ಲ, ಹೆಸರಿನ ರಿಜಿಸ್ಟರೂ ಇಲ್ಲ. ಹಿಂದೆ ಅದೇ ಯಂತ್ರದಲ್ಲಿ ಕುಳಿತಿದ್ದವರಿಗೆ ಉಳಿದ ನೆನಪಿನ ಬಲದಿಂದ ಪ್ರವೇಶ ಸಿಕ್ಕೀತು. ಬೇರೆ ಯಂತ್ರಕ್ಕೆ ಹೋದವರಿಗೆ ಇಲ್ಲ. ಮಾರನೆಯ ದಿನ ಪ್ರಾಯೋಗಿಕ ಪರೀಕ್ಷೆಯಿದ್ದರೆ ಏನಾದೀತೆಂದು ನೀವೇ ಯೋಚಿಸಿ. ಎಲ್ಲರೂ ಬೈಯುವುದು ಕರೆಂಟನ್ನು. ಅದು ಹೊಸಿಲು ತೋರಿಸಿತೇ ಹೊರತು ಎಡವಿಸಲಿಲ್ಲ.

ಗುಮಾಸ್ತನಿಗೆ ಹೇಳಿ ಹೊಸ ಪತ್ರ ತರಿಸಬಾರದೇ ಎಂದು ಕೇಳಬಹುದು. ಪತ್ರ ಬರೆಯಬೇಕಾದದ್ದು ಡಾಗ್‌ಟ್ಯಾಗ್. ಅದು ಏಳಬೇಕಾದರೆ ಹೊಸ ಪತ್ರ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು.

ಇದು ಕಾಲೇಜಿನ ಮಟ್ಟದ ತೊಂದರೆ ಮಾತ್ರವೆಂದು ತಿಳಿಯಬೇಡಿ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಓಟೂ ಹಾಗೂ ಜಪಾನಿನ ಸಾಫ್ಟ್‌ಬ್ಯಾಂಕ್ ಮೊಬೈಲ್ ಜಾಲಗಳು ಒಮ್ಮೆಗೇ ಕುಸಿದವು. ಬ್ರಿಟನ್ ಒಂದರಲ್ಲೇ 3 ಕೋಟಿಗೂ ಮೀರಿದ ಬಳಕೆದಾರರಿದ್ದ ಜಾಲವದು. ಎರಿಕ್ಸನ್ ಕಂಪನಿಯ ತಂತ್ರಾಂಶದೊಳಗಿನ ಒಂದು ಪ್ರಮಾಣಪತ್ರದ ಅವಧಿ ಅಂದು ಮುಗಿದಿತ್ತು.

‘ಅವಧಿ ನೋಡಬೇಡ, ಮುಂದೆ ಹೋಗು’ ಎಂದು ಯಂತ್ರಕ್ಕೆ ಹೇಳಿಬಿಡುವ ಆಸೆ ಇಲ್ಲಿ ಹುಟ್ಟುತ್ತದೆ. ತಪಾಸಣೆಯನ್ನೇ ನಿಲ್ಲಿಸುವ ಗುಂಡಿ ಬಹಳ ತಂತ್ರಾಂಶಗಳಲ್ಲಿ ಉಂಟು. ನನ್ನ ಮಟ್ಟಿಗೆ ಇದು ಕೆಟ್ಟ ಉಪಾಯ. 2011ರಲ್ಲಿ ನೆದರ್‌ಲೆಂಡ್ಸ್‌ನ ಡಿಜಿನೋಟಾರ್ ಎಂಬ ಸಿ.ಎ.ಯೊಳಗೆ ಕನ್ನ ಹಾಕಿದವರು ಐನೂರಕ್ಕೂ ಹೆಚ್ಚು ಸುಳ್ಳು ಪ್ರಮಾಣಪತ್ರಗಳನ್ನು ಬರೆಸಿಕೊಂಡರು. ಅದರಲ್ಲಿ ಗೂಗಲ್ ಹೆಸರಿನದೊಂದನ್ನು ಬಳಸಿ ಇರಾನಿನ ಜನರ ಇ-ಮೇಲ್ ಕದ್ದು ನೋಡಲಾಯಿತು. ಬ್ರೌಸರುಗಳು ಆ ಸಿ.ಎ.ಯನ್ನು ಪಟ್ಟಿಯಿಂದ ಕಿತ್ತುಹಾಕಿದವು; ಅದೇ ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿಯಾಯಿತು. 2014ರ ಜುಲೈಯಲ್ಲಿ ನಮ್ಮ ಎನ್.ಐ.ಸಿ.ಯ ಸಿ.ಎ.ಯಿಂದಲೂ ಗೂಗಲ್ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದವು. ನಿಯಂತ್ರಕರು ಕೂಡಲೇ ಸಂಬಂಧಪಟ್ಟ ಪತ್ರಗಳನ್ನು ರದ್ದುಮಾಡಿದರು. ತಪಾಸಣೆ ನಿಲ್ಲಿಸಿದ ಯಂತ್ರಕ್ಕೆ ಅಸಲಿಯೂ ಒಂದೇ, ಇಂಥ ನಕಲಿಯೂ ಒಂದೇ.

ಸರಿ, ರೋಗಪರೀಕ್ಷೆಗೆ ಬರೋಣ. ಮೊದಲು ಕೇಳಬೇಕಾದವನು ಗುಮಾಸ್ತ. ‘ಗೆಟ್‌ಸರ್ಟ್ ಲಿಸ್ಟ್’ ಎಂಬ ಆಜ್ಞೆ ಕೊಟ್ಟರೆ ಸರ್ಟ್‌ಮಾಂಗರ್ ತನ್ನ ವಶದಲ್ಲಿರುವ ಪ್ರತಿ ಪತ್ರದ ಸ್ಥಿತಿಯನ್ನೂ ಕೊನೆಯ ದಿನಾಂಕವನ್ನೂ ಒಪ್ಪಿಸುತ್ತಾನೆ. ‘ಮಾನಿಟರಿಂಗ್’ ಎಂದಿದ್ದು ದಿನಾಂಕ ಮುಂದಿದ್ದರೆ ಕ್ಷೇಮ. ‘ಸಿ.ಎ. ಅನ್‌ರೀಚಬಲ್’ ಎಂದಿದ್ದರೆ ಅರ್ಜಿ ತಲುಪಿಲ್ಲ. ಮೂರ್ನಾಲ್ಕು ಸರ್ವರುಗಳಿದ್ದರೆ ಇನ್ನೊಂದು ವಿಚಾರವಿದೆ. ಎಲ್ಲರೂ ಹಂಚಿಕೊಳ್ಳುವ ಪತ್ರಗಳನ್ನು ನವೀಕರಿಸುವ ಹಕ್ಕು ಒಂದೇ ಸರ್ವರಿಗೆ. ಉಳಿದವು ಅದು ಮಾಡಿಟ್ಟದ್ದನ್ನು ನಕಲು ಮಾಡಿಕೊಳ್ಳುತ್ತವೆ. ಆ ಹಿರಿಯ ಯಂತ್ರ ಹಳತಾಯಿತೆಂದು ಗುಜರಿಗೆ ಹಾಕಿ, ಯಜಮಾನಿಕೆಯನ್ನು ಇನ್ನೊಂದಕ್ಕೆ ವಹಿಸದೇ ಹೋದರೆ ಉಳಿದವೆಲ್ಲ ಯಾರೋ ಮಾಡುತ್ತಾರೆಂದು ಕಾಯುತ್ತಾ ಕೂರುತ್ತವೆ. ಕೂಡು ಕುಟುಂಬಗಳಲ್ಲಿ ಕಂದಾಯ ಬಾಕಿ ಉಳಿಯುವುದೂ ಹೀಗೇ.

ಅವಧಿ ಮೀರದೆಯೂ ಬಾಗಿಲು ಮುಚ್ಚುವುದುಂಟು. ಡಾಗ್‌ಟ್ಯಾಗಿಗೆ ಹೊಸ ಪತ್ರ ಬಂದಿರುತ್ತದೆ, ಆದರೆ ಡೈರೆಕ್ಟರಿಯ ರಿಜಿಸ್ಟರಿನಲ್ಲಿ ಹಳೆಯ ಪತ್ರದ ಕ್ರಮಸಂಖ್ಯೆಯೇ ಉಳಿದಿರುತ್ತದೆ. ಕಾವಲುಗಾರ ಸಂಖ್ಯೆ ತಾಳೆ ನೋಡುತ್ತಾನೆ, ಹೊಂದುವುದಿಲ್ಲ, ಬಿಡುವುದಿಲ್ಲ. ಇಲ್ಲಿ ಹೊಸ ಪತ್ರ ಮತ್ತೆ ಮತ್ತೆ ಬರೆಸಿ ಪ್ರಯೋಜನವಿಲ್ಲ. ರಿಜಿಸ್ಟರಿನ ಆ ಒಂದು ಸಾಲು ತಿದ್ದಬೇಕು.

ನಿಜವಾಗಿಯೂ ಅವಧಿ ಮೀರಿದ್ದರೆ ಒಂದು ಸೊಗಸಾದ ಚಿಕಿತ್ಸೆಯಿದೆ: ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು! ಮೋಸದಂತೆ ಕಂಡರೂ ಇದು ಬಹುಕಾಲದಿಂದ ನಡೆದುಬಂದ ವಿಧಾನ. ಸಮಯ ಸರಿಪಡಿಸುವ ಸೇವೆಯನ್ನು ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ಅದು ಗಡಿಯಾರವನ್ನು ಮತ್ತೆ ಇಂದಿಗೆ ಎಳೆದು ತರುತ್ತದೆ. ಪತ್ರಗಳು ಮಾನ್ಯವಾಗಿದ್ದ ದಿನಕ್ಕೆ ಸರ್ವರಿನ ದಿನಾಂಕ ಇಟ್ಟರೆ ಡಾಗ್‌ಟ್ಯಾಗ್ ಏನೂ ಅರಿಯದಂತೆ ಎದ್ದುಬಿಡುತ್ತದೆ. ಗುಮಾಸ್ತನಿಗೆ ಅರ್ಜಿ ಹಾಕಲು ಹೇಳಿ, ಹೊಸ ಪತ್ರಗಳು ಬಂದಮೇಲೆ ಗಡಿಯಾರವನ್ನು ಇಂದಿಗೆ ತಂದರಾಯಿತು. ಹೊಸ ಪತ್ರದ ಎರಡು ವರ್ಷ ಆ ಹಿಂದಿನ ದಿನದಿಂದಲೇ ಎಣಿಕೆಯಾಗುತ್ತದೆ. ಅಷ್ಟು ನಷ್ಟ ಇದ್ದದ್ದೇ.

ಯಾವ ದಿನಕ್ಕೆ ತಿರುಗಿಸಬೇಕು? ಇಲ್ಲೇ ನಿಮ್ಮ ಗಣಿತ ಪಾಠ ಬರುತ್ತದೆ. ಹಳೆಯ ನಾಲ್ಕು ಪತ್ರಗಳು ಮಾರ್ಚ್ 20ಕ್ಕೆ ಮುಗಿದವು. ಐದನೆಯದು ಮಾರ್ಚ್ 5ರಂದು ಹೇಗೋ ನವೀಕರಣಗೊಂಡಿತ್ತು. ಅದು ಮಾನ್ಯವಾಗುವುದೇ 5ರಿಂದ. ಫೆಬ್ರುವರಿಗೆ ಹೋದರೆ ಐದನೆಯದು ಇನ್ನೂ ಹುಟ್ಟಿಲ್ಲ, ಮಾರ್ಚ್ 25ಕ್ಕೆ ನಿಂತರೆ ಉಳಿದ ನಾಲ್ಕು ಸತ್ತಿವೆ. 5 ಮತ್ತು 20ರ ನಡುವೆ, ಉದಾಹರಣೆಗೆ 12ನೆಯ ತಾರೀಕು, ಐದೂ ಬದುಕಿವೆ. ಗಣಗಳ ಛೇದನ ಎಂದು ನೀವು ಕಲಿತದ್ದು ಇದನ್ನೇ. ಯಾರೋ ಆತುರದಲ್ಲಿ ಏಪ್ರಿಲ್ 2ರಂದು ಒಂದು ಪತ್ರವನ್ನು ಕೈಯಾರೆ ಬರೆಸಿಟ್ಟಿದ್ದರೆ? ಛೇದನ ಶೂನ್ಯ ಗಣ. ಗಡಿಯಾರದ ಮದ್ದು ನಾಟುವುದಿಲ್ಲ. ಇಂಥ ಸಂದರ್ಭಕ್ಕೆಂದೇ 2019ರಲ್ಲಿ ‘ಐಪಿಎ ಸರ್ಟ್ ಫಿಕ್ಸ್’ ಎಂಬ ಸಾಧನ ಬಂತು. ಅದು ಗಡಿಯಾರ ಮುಟ್ಟದೆ, ಸಿ.ಎ.ಯ ಗುಪ್ತ ಕೀಲಿಯಿಂದಲೇ ಅವಧಿ ಮೀರಿದ ಪತ್ರಗಳನ್ನು ಹೊಸದಾಗಿ ಬರೆಸುತ್ತದೆ. ಸಿ.ಎ.ಯ ಮೂಲ ಪತ್ರ ಮಾತ್ರ ಜೀವಂತವಾಗಿರಬೇಕು.

ಸ್ಟುಡಿಯೋದಲ್ಲಿ ಕೆಲಸ ಮಾಡುವ ನಮಗೆ ಗಡಿಯಾರದ ಮಹಿಮೆ ಹೇಳಬೇಕಿಲ್ಲ. ಒಂದೇ ಮುಖ್ಯ ಗಡಿಯಾರಕ್ಕೆ ಎಲ್ಲ ಯಂತ್ರಗಳೂ ತಲೆಬಾಗುವ ಜಾಗವದು. ಕರ್ಬೆರಾಸಿನ ಮನೆಯಲ್ಲೂ ಹಾಗೇ. ಎರಡು ಯಂತ್ರಗಳ ಸಮಯದಲ್ಲಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಚೀಟಿ ನಡೆಯುವುದಿಲ್ಲ. ಆದ್ದರಿಂದ ಗಡಿಯಾರ ಹಿಂದಿರುವಷ್ಟು ಹೊತ್ತು ಆ ಸರ್ವರನ್ನು ಉಳಿದವುಗಳಿಂದ ಬೇರ್ಪಡಿಸಿಡುವುದು ಒಳ್ಳೆಯದು. ಮುಟ್ಟುವ ಮುಂಚೆ ಒಂದು ಪೂರ್ಣ ಪ್ರತಿ ತೆಗೆದಿಡುವುದಂತೂ ಕಡ್ಡಾಯ.

ಕಾಲೇಜಿನ ಸರ್ವರಿನ ಮೇಲೆ ಈ ವಿದ್ಯೆ ಪ್ರಯೋಗಿಸಬೇಡಿ. ಆಸಕ್ತಿಯಿದ್ದವರು ನಿಮ್ಮದೇ ಕಂಪ್ಯೂಟರಿನಲ್ಲಿ ಒಂದು ಮಿಥ್ಯಾಯಂತ್ರ, ಅಂದರೆ ವರ್ಚುಯಲ್ ಮೆಷಿನ್, ಮಾಡಿಕೊಂಡು ಫೆಡೋರಾ ಲಿನಕ್ಸ್ ಹಾಗೂ ಫ್ರೀ ಐಪಿಎ ಹಾಕಿ. ಎರಡೂ ಉಚಿತ, 4 ಜಿ.ಬಿ. ಮೆಮೊರಿ ಕೊಟ್ಟರೆ ಸಾಕು. ಸಮಯ ಸೇವೆ ನಿಲ್ಲಿಸಿ, ಯಂತ್ರವನ್ನು ಎರಡೂವರೆ ವರ್ಷ ಮುಂದಕ್ಕೆ ದೂಡಿ ಮತ್ತೆ ಚಾಲೂ ಮಾಡಿ. ರೋಗ ನಿಮ್ಮ ಕಣ್ಣೆದುರಿಗೇ ಬರುತ್ತದೆ. ಲೆಕ್ಕ ಹಾಕುವಾಗ ಒಂದು ವಿಷಯ ಮರೆಯಬೇಡಿ: ಪ್ರಮಾಣಪತ್ರದೊಳಗೆ ಬರೆದಿರುವುದು ಜಾಗತಿಕ ಸಮಯ. ಅದರಲ್ಲಿ ಮಧ್ಯರಾತ್ರಿ 12ಕ್ಕೆ ಮುಗಿಯುವ ಪತ್ರ ನಮ್ಮಲ್ಲಿ ಮುಗಿಯುವುದು ಬೆಳಗಿನ ಐದೂವರೆಗೆ.