ದಿಗ್ಬಂಧನದ ವೆಚ್ಚ ಯಾರ ಖಾತೆಗೆ?

ಇರಾಕಿನ ಸೇನೆ 1990ರ ಆಗಸ್ಟ್ 2ರಂದು ಕುವೈತನ್ನು ಆಕ್ರಮಿಸಿತು. ನಾಲ್ಕು ದಿನಗಳ ತರುವಾಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ತನ್ನ 661ನೇ ನಿರ್ಣಯದ ಮೂಲಕ ಇರಾಕಿನೊಡನೆ ಸಮಸ್ತ ರಾಷ್ಟ್ರಗಳ ವ್ಯಾಪಾರವನ್ನು ನಿಷೇಧಿಸಿತು. ತೈಲ ಹೊರಹೋಗುವಂತಿಲ್ಲ, ಸರಕು ಒಳಬರುವಂತಿಲ್ಲ, ಹಣ ವರ್ಗಾವಣೆಯಾಗುವಂತಿಲ್ಲ. ಔಷಧಿಗಳಿಗೂ, ಮಾನವೀಯ ಸಂದರ್ಭಗಳಲ್ಲಿ ಆಹಾರ ಪದಾರ್ಥಗಳಿಗೂ ಮಾತ್ರ ವಿನಾಯಿತಿಯಿತ್ತು. ಕುವೈತ್ 1991ರ ಫೆಬ್ರವರಿಯಲ್ಲಿಯೇ ವಿಮೋಚನೆಗೊಂಡಿತು. ಆದರೆ ದಿಗ್ಬಂಧನ ಮಾತ್ರ 2003ರ ಮೇ 22ರವರೆಗೆ, ಹೆಚ್ಚು ಕಡಿಮೆ ಹದಿಮೂರು ವರ್ಷಗಳ ಕಾಲ, ಮುಂದುವರಿಯಿತು. ಅಷ್ಟೂ ಕಾಲ ಸದ್ದಾಂ ಹುಸೇನರ ಸರ್ಕಾರ ಅಲುಗಾಡಲಿಲ್ಲ. ಕೊನೆಗೆ ಅದನ್ನು ಉರುಳಿಸಿದ್ದು ಯುದ್ಧ.

ದೀರ್ಘಕಾಲದ ವ್ಯಾಪಾರ ದಿಗ್ಬಂಧನಗಳು ಸರ್ಕಾರಗಳಿಗಿಂತ ಜನಸಾಮಾನ್ಯರನ್ನೇ ಹೆಚ್ಚು ಪೀಡಿಸುತ್ತವೆಯೆ ಎಂಬ ಪ್ರಶ್ನೆಗೆ ನೈತಿಕ ನೆಲೆಯ ಉತ್ತರಗಳು ಹಲವಾರಿವೆ. ವ್ಯಾಪಾರಸ್ಥರಿಗೆ ಹೆಚ್ಚು ಬೋಧಪ್ರದವಾದದ್ದು ಲೆಕ್ಕದ ಪುಸ್ತಕದ ಉತ್ತರ. ದಿಗ್ಬಂಧನದ ವೆಚ್ಚ ಮೊದಲು ಬೀಳುವುದು ಯಾರ ಮೇಲೆ, ಅಂತಿಮವಾಗಿ ಅದನ್ನು ಭರಿಸುವವರು ಯಾರು ಎಂಬುದನ್ನು ಇರಾಕಿನ ಉದಾಹರಣೆಯಲ್ಲಿ ಸಾಕಷ್ಟು ಸ್ಪಷ್ಟವಾಗಿ ಗುರುತಿಸಬಹುದು.

ಕೊರತೆಯ ಒಡೆತನ

1990ರ ಇರಾಕ್ ತನ್ನ ಆಹಾರದ ಬಹುಭಾಗವನ್ನು ತೈಲದ ಹಣದಿಂದ ಆಮದು ಮಾಡಿಕೊಳ್ಳುತ್ತಿದ್ದ ದೇಶ. ತೈಲ ನಿಂತೊಡನೆ ಗೋಧಿಯೂ ನಿಲ್ಲಬೇಕಷ್ಟೆ. ಅದೇ ಸೆಪ್ಟೆಂಬರಿನಲ್ಲಿ ಸರ್ಕಾರ ಪಡಿತರ ಪದ್ಧತಿಯನ್ನು ಜಾರಿಗೆ ತಂದಿತು. ಗೋಧಿ ಹಿಟ್ಟು, ಅಕ್ಕಿ, ಸಕ್ಕರೆ, ಚಹಾ, ಅಡುಗೆ ಎಣ್ಣೆ, ಶಿಶುಗಳಿಗೆ ಹಾಲಿನ ಪುಡಿ ಇವೆಲ್ಲ ನಾಮಮಾತ್ರ ಬೆಲೆಗೆ ಚೀಟಿಯ ಮೇಲೆ ದೊರೆಯತೊಡಗಿದವು. ವಿತರಣೆ ಬಡಾವಣೆಯ ಕಿರಾಣಿ ಅಂಗಡಿಗಳ ಮೂಲಕವೇ ನಡೆಯುತ್ತಿತ್ತು. ವ್ಯವಸ್ಥೆ ದಕ್ಷವಾಗಿತ್ತೆಂದು ವಿಶ್ವಸಂಸ್ಥೆಯ ಅಧಿಕಾರಿಗಳೇ ಮೆಚ್ಚಿದ್ದರು. ಅದಿಲ್ಲದಿದ್ದರೆ ಕ್ಷಾಮವೇ ಸಂಭವಿಸುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇದೇ ಪಡಿತರ ಚೀಟಿಯ ಇನ್ನೊಂದು ಮುಖವನ್ನೂ ನೋಡಬೇಕು. ದಿಗ್ಬಂಧನಕ್ಕೆ ಮುನ್ನ ಬಾಗ್ದಾದಿನ ಗೃಹಸ್ಥನೊಬ್ಬ ತನ್ನ ಸಂಬಳದಿಂದ ತನಗಿಷ್ಟವಾದ ಅಂಗಡಿಯಲ್ಲಿ ದಿನಸಿ ಕೊಳ್ಳುತ್ತಿದ್ದ. ಆ ಬಳಿಕ ಅವನ ಮನೆಯ ಒಲೆ ಉರಿಯುವುದು ಸರ್ಕಾರ ನೀಡುವ ಒಂದು ಕಾಗದವನ್ನು ಅವಲಂಬಿಸಿತು. ಪ್ರತಿ ಕುಟುಂಬದ ಹೆಸರು, ವಿಳಾಸ, ಸದಸ್ಯರ ಸಂಖ್ಯೆ ಎಲ್ಲವೂ ಸರ್ಕಾರದ ದಫ್ತರದಲ್ಲಿ ದಾಖಲಾದವು. ಆಮದಿನ ವಿಷಯವೂ ಹಾಗೆಯೇ. ಮುಕ್ತ ಮಾರುಕಟ್ಟೆಯಲ್ಲಿ ಡಾಲರ್ ಇಲ್ಲದಾಗ, ಇರುವ ಅಲ್ಪಸ್ವಲ್ಪ ವಿದೇಶಿ ವಿನಿಮಯ ಯಾರಿಗೆ ಎಂಬುದನ್ನು ಆಳುವವರೇ ನಿರ್ಧರಿಸುತ್ತಾರೆ. ಲೈಸೆನ್ಸ್-ಪರ್ಮಿಟ್ ಯುಗವನ್ನು ಕಂಡ ನಮ್ಮ ಹಿರಿಯ ಉದ್ಯಮಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊರತೆ ಹೆಚ್ಚಿದಷ್ಟೂ ಪರವಾನಗಿಗೆ ಬೆಲೆ ಹೆಚ್ಚು, ಪರವಾನಗಿ ಕೊಡುವವನಿಗೆ ಬಲ ಹೆಚ್ಚು. ದಿಗ್ಬಂಧನವು ಇರಾಕ್ ದೇಶವನ್ನು ಬಡವಾಗಿಸಿತು, ಆದರೆ ದೇಶದೊಳಗೆ ಸರ್ಕಾರದ ತುಲನಾತ್ಮಕ ಬಲವನ್ನು ವೃದ್ಧಿಸಿತು.

ಕರಗಿದ ಉಳಿತಾಯ

ಮಧ್ಯಮ ವರ್ಗದ ಕಥೆಯನ್ನು ದಿನಾರಿನ ಕಥೆಯಾಗಿಯೇ ಹೇಳಬಹುದು. 1990ಕ್ಕೆ ಮುನ್ನ ಅಧಿಕೃತ ದರದಲ್ಲಿ ಒಂದು ದಿನಾರಿಗೆ ಮೂರು ಡಾಲರುಗಳಿಗಿಂತ ತುಸು ಹೆಚ್ಚು ದೊರೆಯುತ್ತಿತ್ತು. ಕಾಳಸಂತೆಯಲ್ಲಿ ಅಂದೂ ಅದರ ಬೆಲೆ ಬಹಳ ಕಡಿಮೆಯಿತ್ತೆಂಬುದು ಬೇರೆ ಮಾತು. 1995ರ ಅಂತ್ಯದ ವೇಳೆಗೆ ಮಾರುಕಟ್ಟೆಯಲ್ಲಿ ಒಂದು ಡಾಲರಿಗೆ ಸುಮಾರು 3,000 ದಿನಾರ್ ತೆರಬೇಕಾಯಿತು. ಜೀವಮಾನದ ದುಡಿಮೆಯಿಂದ ಸಾವಿರ ದಿನಾರ್ ಕೂಡಿಟ್ಟಿದ್ದವನ ಪಾಲಿಗೆ ಉಳಿದದ್ದು ಒಂದು ಡಾಲರಿನ ಮೂರನೆಯ ಒಂದು ಭಾಗ. ಶಾಲಾ ಉಪಾಧ್ಯಾಯರ ತಿಂಗಳ ಸಂಬಳ ಕೆಲವೇ ಡಾಲರುಗಳಿಗೆ ಇಳಿಯಿತು. ಬಾಗ್ದಾದಿನ ಅಲ್-ಮುತನಬ್ಬಿ ಬೀದಿ ಪುಸ್ತಕ ವ್ಯಾಪಾರಕ್ಕೆ ಪ್ರಸಿದ್ಧವಾದದ್ದು. ಆ ವರ್ಷಗಳಲ್ಲಿ ವಿದ್ಯಾವಂತ ಕುಟುಂಬಗಳು ತಮ್ಮ ಮನೆಯ ಗ್ರಂಥಗಳನ್ನು ತಂದು ಅಲ್ಲಿ ಮಾರಿದವು.

ಸರ್ಕಾರಕ್ಕೆ ಮಾತ್ರ ಈ ತೊಂದರೆಯಿರಲಿಲ್ಲ, ಏಕೆಂದರೆ ನೋಟು ಮುದ್ರಿಸುವ ಯಂತ್ರ ಅದರ ಕೈಯಲ್ಲಿತ್ತು. ಉತ್ತಮ ದರ್ಜೆಯ ಹಳೆಯ ನೋಟುಗಳನ್ನು ವಿದೇಶದಿಂದ ತರಿಸಲು ದಿಗ್ಬಂಧನ ಅಡ್ಡಿಯಾದಾಗ, ಕೀಳು ಕಾಗದದ ಮೇಲೆ ದೇಶದಲ್ಲಿಯೇ ನೋಟುಗಳನ್ನು ಮುದ್ರಿಸಿ ಅದು ತನ್ನ ಖರ್ಚನ್ನು ತೂಗಿಸಿತು. ಇಲ್ಲೊಂದು ಸ್ವಾರಸ್ಯವಿದೆ. ಬಾಗ್ದಾದಿನ ಹಿಡಿತದಿಂದ ಹೊರಗಿದ್ದ ಉತ್ತರದ ಕುರ್ದಿಶ್ ಪ್ರದೇಶದಲ್ಲಿ ಸ್ವಿಸ್ ದಿನಾರ್ ಎಂದು ಹೆಸರಾದ ಹಳೆಯ ನೋಟುಗಳೇ ಚಲಾವಣೆಯಲ್ಲಿ ಉಳಿದವು. 1993ರಲ್ಲಿ ಬಾಗ್ದಾದ್ ಅವುಗಳ ಪೈಕಿ 25 ದಿನಾರಿನ ನೋಟನ್ನು ರದ್ದುಪಡಿಸಿತ್ತು. ಯಾವ ಸರ್ಕಾರದ ಬೆಂಬಲವೂ ಇಲ್ಲದ ಆ ನೋಟುಗಳು, ಯಾರೂ ಹೊಸದಾಗಿ ಮುದ್ರಿಸಲಾರರೆಂಬ ಒಂದೇ ಕಾರಣದಿಂದ ಮೌಲ್ಯ ಕಾಯ್ದುಕೊಂಡವು. ದಿಗ್ಬಂಧನ ತೆರವಾದ ಬಳಿಕ ನೋಟು ಬದಲಾವಣೆಯಾದಾಗ ಒಂದು ಸ್ವಿಸ್ ದಿನಾರಿಗೆ 150 ಹೊಸ ದಿನಾರ್ ದೊರೆಯಿತು. ದಿಗ್ಬಂಧನ ಎರಡೂ ಪ್ರದೇಶಗಳಿಗೆ ಸಮಾನವಾಗಿ ಅನ್ವಯಿಸಿತ್ತು. ಆದುದರಿಂದ ದಕ್ಷಿಣದಲ್ಲಿ ಉಳಿತಾಯ ಕರಗಿದ್ದರಲ್ಲಿ ನಿರ್ಣಯದ ಪಾಲೆಷ್ಟು, ಮುದ್ರಣಾಲಯದ ಪಾಲೆಷ್ಟು ಎಂದು ಕೇಳುವುದು ನ್ಯಾಯವೇ.

ತೈಲಕ್ಕೆ ಬದಲಾಗಿ ಆಹಾರ

ಜನರ ಸಂಕಷ್ಟವನ್ನು ಮನಗಂಡ ಭದ್ರತಾ ಮಂಡಳಿ 1995ರಲ್ಲಿ 986ನೇ ನಿರ್ಣಯವನ್ನು ಅಂಗೀಕರಿಸಿತು. ಅದರಂತೆ ಇರಾಕ್ ಆರು ತಿಂಗಳಿಗೆ 200 ಕೋಟಿ ಡಾಲರ್ ಮೌಲ್ಯದ ತೈಲ ಮಾರಬಹುದು. ಹಣ ವಿಶ್ವಸಂಸ್ಥೆಯ ನಿಯಂತ್ರಣದ ಖಾತೆಗೆ ಜಮೆಯಾಗಬೇಕು. ಅದರಿಂದ ಆಹಾರ ಮತ್ತು ಔಷಧಿ ಖರೀದಿಸಬೇಕು. ತೈಲದ ಹಣದಲ್ಲಿ ಶೇಕಡಾ 30ನ್ನು ಕುವೈತ್ ಯುದ್ಧದ ನಷ್ಟಪರಿಹಾರಕ್ಕೆ ಮೊದಲೇ ಕಡಿತ ಮಾಡಲಾಯಿತು. ಸದ್ದಾಂ ಸರ್ಕಾರ ತಿಂಗಳುಗಟ್ಟಲೆ ಒಪ್ಪದೆ ಕಾಲ ದೂಡಿದುದರಿಂದ ತೈಲ ಹೊರಟದ್ದು 1996ರ ಡಿಸೆಂಬರಿನಲ್ಲಿ, ಆಹಾರ ತಲುಪಿದ್ದು 1997ರ ಮಾರ್ಚಿನಲ್ಲಿ.

ಈ ಯೋಜನೆಯಲ್ಲಿ ಒಂದು ದೊಡ್ಡ ರಂಧ್ರವಿತ್ತು. ತೈಲವನ್ನು ಯಾರಿಗೆ ಮಾರಬೇಕು, ಸರಕನ್ನು ಯಾರಿಂದ ಕೊಳ್ಳಬೇಕು ಎಂಬ ಆಯ್ಕೆಯನ್ನು ಇರಾಕಿನ ಸರ್ಕಾರಕ್ಕೇ ಬಿಡಲಾಗಿತ್ತು. ಪಾಲ್ ವೋಲ್ಕರ್ ಅಧ್ಯಕ್ಷತೆಯ ಸಮಿತಿ 2005ರಲ್ಲಿ ನೀಡಿದ ವರದಿ ಇದರ ಪರಿಣಾಮವನ್ನು ಬಯಲಿಗೆಳೆಯಿತು. 2,200ಕ್ಕೂ ಹೆಚ್ಚು ಕಂಪನಿಗಳಿಂದ ಸುಮಾರು 180 ಕೋಟಿ ಡಾಲರ್ ಕಪ್ಪ ಆ ಸರ್ಕಾರಕ್ಕೆ ಸಂದಾಯವಾಗಿತ್ತು. ಮಾರಾಟಾನಂತರದ ಸೇವೆ, ಒಳನಾಡಿನ ಸಾಗಣೆ ಎಂಬ ಹೆಸರುಗಳಲ್ಲಿ ಒಪ್ಪಂದದ ಮೊತ್ತದ ಶೇಕಡಾ 10ರಷ್ಟನ್ನು ವಸೂಲು ಮಾಡಲಾಗುತ್ತಿತ್ತು. ಗೋಧಿಗೆ ಮಾರಾಟಾನಂತರದ ಸೇವೆ ಎಂಥದು ಎಂದು ಯಾವ ಲೆಕ್ಕಪರಿಶೋಧಕನಾದರೂ ಕೇಳಬೇಕಾಗಿತ್ತು. ಸರಬರಾಜುದಾರನಂತೂ ಈ ಹಣವನ್ನು ತನ್ನ ಲಾಭದಿಂದ ಕೊಡುವವನಲ್ಲ. ಇನ್‌ವಾಯ್ಸಿನಲ್ಲಿ ಬೆಲೆ ಏರಿಸಿ, ಜನರ ಆಹಾರಕ್ಕೆಂದು ಮೀಸಲಿಟ್ಟ ಖಾತೆಯಿಂದಲೇ ಪಡೆಯುತ್ತಿದ್ದ. ಯೋಜನೆಯ ಹೊರಗೆ ನಡೆದ ತೈಲ ಕಳ್ಳಸಾಗಣೆಯ ಆದಾಯ ಇದರ ಹಲವು ಪಟ್ಟು ಇತ್ತು.

ಇನ್ನೊಂದೆಡೆ, ಸೇನೆಗೂ ಬಳಕೆಯಾಗಬಹುದೆಂಬ ಅನುಮಾನದಿಂದ ನೀರು, ವಿದ್ಯುತ್ ಕಾಮಗಾರಿಗಳ ಅನೇಕ ಉಪಕರಣಗಳನ್ನು ನ್ಯೂಯಾರ್ಕಿನ ಸಮಿತಿ ತಡೆಹಿಡಿಯಿತು. 2002ರಲ್ಲಿ ಹೀಗೆ ತಡೆಹಿಡಿದ ಒಪ್ಪಂದಗಳ ಮೊತ್ತ 500 ಕೋಟಿ ಡಾಲರಿಗೂ ಮೀರಿತ್ತು. ಬಾಗ್ದಾದಿನಲ್ಲಿ ಮಾನವೀಯ ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ, ಅವರ ಉತ್ತರಾಧಿಕಾರಿ ಹ್ಯಾನ್ಸ್ ಫಾನ್ ಸ್ಪೋನೆಕ್ 2000ದಲ್ಲಿ ಪ್ರತಿಭಟಿಸಿ ರಾಜೀನಾಮೆಯಿತ್ತರು.

ಪರಿಶೋಧನೆಗೆ ನಿಲ್ಲದ ಅಂಕಿ

ದಿಗ್ಬಂಧನದಿಂದ ಐದು ಲಕ್ಷ ಮಕ್ಕಳು ಮಡಿದರೆಂಬ ಮಾತು ಜಗತ್ತಿನಾದ್ಯಂತ ಪ್ರಚಲಿತವಾಯಿತು. ಇರಾಕಿ ಸರ್ಕಾರದ ಸಹಕಾರದೊಂದಿಗೆ ನಡೆದು 1999ರಲ್ಲಿ ಪ್ರಕಟವಾದ ಸಮೀಕ್ಷೆ ಇದಕ್ಕೆ ಪುಷ್ಟಿ ನೀಡಿತು. ಆದರೆ 2003ರ ನಂತರ ನಡೆದ ಹಲವು ಸಮೀಕ್ಷೆಗಳಲ್ಲಿ ಶಿಶುಮರಣದ ಅಂಥ ಏರಿಕೆ ಗೋಚರಿಸಲಿಲ್ಲ. ಹಿಂದಿನ ಅಂಕಿಗಳನ್ನು ಆ ಸರ್ಕಾರವೇ ತಿದ್ದಿತ್ತೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸಿತು. ಜನ ಬವಣೆಪಟ್ಟದ್ದು ಸುಳ್ಳಲ್ಲ. ಆದರೆ ಅವರ ಬವಣೆಯನ್ನು ಉಬ್ಬಿಸಿ ತೋರಿಸುವುದೂ ಆ ಸರ್ಕಾರಕ್ಕೆ ಲಾಭದಾಯಕವಾಗಿತ್ತು.

ದಿಗ್ಬಂಧನ ಸಂಪೂರ್ಣ ವ್ಯರ್ಥವೆಂದೂ ಹೇಳಲಾಗದು. 2003ರ ಯುದ್ಧದ ನಂತರ ಇರಾಕಿನಲ್ಲಿ ಸಾಮೂಹಿಕ ನಾಶದ ಅಸ್ತ್ರಗಳ ಸಂಗ್ರಹ ಸಿಗಲಿಲ್ಲ. ಶಸ್ತ್ರಾಸ್ತ್ರ ಕಾರ್ಯಕ್ರಮವನ್ನು ಮರಳಿ ಕಟ್ಟದಂತೆ ತಡೆಯುವ ಸೀಮಿತ ಉದ್ದೇಶ ಬಹುಮಟ್ಟಿಗೆ ಈಡೇರಿತ್ತು. ಬೆಲೆ ತೆತ್ತವರು ಆ ಅಸ್ತ್ರಗಳಿಗೆ ಸಂಬಂಧವೇ ಇಲ್ಲದವರು.

ದಕ್ಷಿಣ ಆಫ್ರಿಕ ಏಕೆ ಭಿನ್ನ?

ದಿಗ್ಬಂಧನ ಫಲಿಸಿದ ನಿದರ್ಶನವಾಗಿ ದಕ್ಷಿಣ ಆಫ್ರಿಕವನ್ನು ಹೆಸರಿಸುವುದು ವಾಡಿಕೆ. ಆ ದೇಶದೊಡನೆ ವ್ಯಾಪಾರವನ್ನು ಮೊಟ್ಟಮೊದಲು, 1946ರಲ್ಲಿಯೇ, ನಿಲ್ಲಿಸಿದ ಕೀರ್ತಿ ಭಾರತದ್ದು. ಅಲ್ಲಿ ಬಹಿಷ್ಕಾರವನ್ನು ಕೋರಿದವರು ವರ್ಣಭೇದಕ್ಕೆ ತುತ್ತಾದ ಜನರ ನಾಯಕರೇ. 1985ರಲ್ಲಿ ಅಮೆರಿಕದ ಬ್ಯಾಂಕುಗಳು ಅಲ್ಪಾವಧಿ ಸಾಲಗಳನ್ನು ನವೀಕರಿಸಲು ನಿರಾಕರಿಸಿದಾಗ ಅಲ್ಲಿನ ಕರೆನ್ಸಿ ಕುಸಿಯಿತು, ಸರ್ಕಾರ ಸಾಲ ಮರುಪಾವತಿಯನ್ನೇ ಸ್ಥಗಿತಗೊಳಿಸಿತು. ಅದೇ ಸೆಪ್ಟೆಂಬರಿನಲ್ಲಿ ದೊಡ್ಡ ಉದ್ಯಮಿಗಳ ನಿಯೋಗವೊಂದು ಜಾಂಬಿಯಾಕ್ಕೆ ತೆರಳಿ, ನಿಷೇಧಿತ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮುಖಂಡರನ್ನು ಭೇಟಿಯಾಯಿತು. ಪೆಟ್ಟು ಬಿದ್ದದ್ದು ಮತದಾನದ ಹಕ್ಕೂ ಸರ್ಕಾರದ ಬಾಗಿಲು ತಟ್ಟುವ ಶಕ್ತಿಯೂ ಇದ್ದ ವರ್ಗಕ್ಕೆ. ಇರಾಕಿನ ಶಾಲಾ ಉಪಾಧ್ಯಾಯನಿಗೆ ಅವೆರಡೂ ಇರಲಿಲ್ಲ.

ಮಂಗಳೂರಿಗೂ ತಟ್ಟಿದ ಬಿಸಿ

ಇರಾನಿನ ಪ್ರಕರಣ ಕರ್ನಾಟಕಕ್ಕೆ ಹತ್ತಿರದ್ದು. ಇರಾನಿ ಕಚ್ಚಾ ತೈಲದ ಪ್ರಮುಖ ಭಾರತೀಯ ಗ್ರಾಹಕರಲ್ಲಿ ಮಂಗಳೂರಿನ ಎಂ.ಆರ್.ಪಿ.ಎಲ್. ಒಂದಾಗಿತ್ತು. ಆ ತೈಲವನ್ನು ಸಂಸ್ಕರಿಸುವ ಘಟಕಗಳಿಗೆ ವಿಮೆ ದೊರೆಯದೆ 2013ರಲ್ಲಿ ಕೆಲವು ತಿಂಗಳು ಅದು ಖರೀದಿಯನ್ನೇ ನಿಲ್ಲಿಸಬೇಕಾಯಿತು. 2012ರಿಂದ ತೈಲದ ಬೆಲೆಯ ಒಂದು ಪಾಲನ್ನು ಯುಕೋ ಬ್ಯಾಂಕಿನ ರೂಪಾಯಿ ಖಾತೆಗೆ ಜಮೆ ಮಾಡಿ, ಇರಾನಿಗೆ ಬಾಸ್ಮತಿ, ಚಹಾ ಮೊದಲಾದವನ್ನು ಕಳುಹಿಸುವ ರಫ್ತುದಾರರಿಗೆ ಅದರಿಂದಲೇ ಪಾವತಿಸುವ ಏರ್ಪಾಡಾಗಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕದ ವಿನಾಯಿತಿ ಕೊನೆಗೊಂಡು ಭಾರತ ತೈಲ ಖರೀದಿ ನಿಲ್ಲಿಸಿದಾಗ ಖಾತೆಗೆ ಹೊಸ ಹಣ ಬರುವುದು ನಿಂತಿತು, ರಫ್ತುದಾರರ ಬಾಕಿ ಬೆಳೆಯಿತು.

ಇರಾನಿನೊಳಗೆ ಬಾಗ್ದಾದಿನ ಕಥೆಯೇ ಬೇರೆ ರೂಪದಲ್ಲಿ ಮರುಕಳಿಸಿತು. 2018ರಲ್ಲಿ ಸರ್ಕಾರ ಡಾಲರಿಗೆ 42,000 ರಿಯಾಲ್ ಎಂದು ದರ ಗೊತ್ತುಪಡಿಸಿತು. ಕೆಲವೇ ತಿಂಗಳಲ್ಲಿ ಮಾರುಕಟ್ಟೆಯ ದರ ಅದರ ಮೂರು ಪಟ್ಟು ಮೀರಿತು. ಅಗ್ಗದ ಡಾಲರ್ ಪಡೆದು ಮೊಬೈಲ್ ಫೋನ್ ತರಿಸಿ ಮಾರುಕಟ್ಟೆ ಬೆಲೆಗೆ ಮಾರಿದವರು ಹೇರಳವಾಗಿ ಗಳಿಸಿದರು. ಅಧಿಕಾರದ ಸಂಪರ್ಕವಿಲ್ಲದ ಸಣ್ಣ ಆಮದುದಾರನಿಗೆ ಆ ಡಾಲರ್ ದಕ್ಕುವುದು ದುಸ್ತರವಾಗಿತ್ತು.

ಆಹಾರಕ್ಕೂ ಔಷಧಿಗೂ ಅಮೆರಿಕದ ಕಾನೂನಿನಲ್ಲಿ ವಿನಾಯಿತಿ ಇದ್ದೇ ಇತ್ತು. ಅಡ್ಡಿಯಾದದ್ದು ಬ್ಯಾಂಕು. ಅಲ್ಪ ಕಮಿಷನ್ನಿಗಾಗಿ ಭಾರೀ ದಂಡದ ಅಪಾಯವನ್ನು ಯಾವ ಬ್ಯಾಂಕೂ ಮೈಮೇಲೆ ಎಳೆದುಕೊಳ್ಳದು. ಹೀಗಾಗಿ ಕಾನೂನುಬದ್ಧ ಸರಕಿಗೂ ಲೆಟರ್ ಆಫ್ ಕ್ರೆಡಿಟ್ ತೆರೆಯುವವರಿಲ್ಲದೆ ಕೆಲವು ಔಷಧಿಗಳು ಅಲ್ಲಿನ ರೋಗಿಗಳಿಗೆ ದುರ್ಲಭವಾದವು. ಇಂಥ ದೇಶಗಳಿಂದ ಬೇಡಿಕೆ ಬಂದಾಗ ನಮ್ಮ ರಫ್ತುದಾರರು ಸರಕು ನಿಷೇಧಿತವೆ ಎಂಬುದನ್ನಷ್ಟೇ ನೋಡಿದರೆ ಸಾಲದು. ಹಣ ಯಾವ ಬ್ಯಾಂಕಿನ ಮೂಲಕ, ಯಾವ ಕರೆನ್ಸಿಯಲ್ಲಿ ಬರುತ್ತದೆಂಬುದನ್ನು ತಮ್ಮ ಬ್ಯಾಂಕಿನಿಂದ ಲಿಖಿತವಾಗಿ ತಿಳಿದುಕೊಂಡು, ಹಡಗಿನ ವಿಮೆಯನ್ನೂ ರಫ್ತು ಸಾಲ ಖಾತರಿ ನಿಗಮದ ರಕ್ಷಣೆಯನ್ನೂ ವಿಚಾರಿಸಿದ ನಂತರವೇ ಸರಕನ್ನು ಬಂದರಿಗೆ ಸಾಗಿಸುವುದು ಕ್ಷೇಮ.