ಅತಿಥಿಯೋ, ಮನೆಯವನೋ?

‘ಅತಿಥಿ’ ಎಂಬ ಶಬ್ದಕ್ಕೆ, ಬರುವ ತಿಥಿಯ ಗೊತ್ತಿಲ್ಲದವನು ಎಂದು ಪಂಡಿತರು ಅರ್ಥ ಹೇಳುವುದುಂಟು. ಬಂದವನು ನಾಲ್ಕು ದಿನವಿದ್ದು ಹೋಗತಕ್ಕವನೆಂಬುದೂ ಲೋಕರೂಢಿಯು. ಆದರೆ ಆತನು ಹೋಗದೆ ನಿಂತು, ಮನೆಯ ದುಡಿಮೆಗೆ ಹೆಗಲು ಕೊಟ್ಟು, ಆತನ ಮಕ್ಕಳೂ ಅದೇ ಅಂಗಳದಲ್ಲಿ ಹುಟ್ಟಿ ಬೆಳೆದರೆ ಅವರನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗೆ ಉತ್ತರ ಹೇಳಲು ಜರ್ಮನಿ ದೇಶಕ್ಕೆ ಸುಮಾರು ನಾಲ್ವತ್ತು ವರ್ಷಗಳು ಹಿಡಿದವು.

ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೂ ಗಣಿಗಳಿಗೂ ಆಳುಗಳು ಸಾಲದಾದರು. ಸರಕಾರವು 1955ರಲ್ಲಿ ಇಟಲಿಯೊಡನೆಯೂ 1961ರಲ್ಲಿ ತುರ್ಕಿಯೊಡನೆಯೂ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಯಿಸಿತು. ಅವರಿಗೆ ಬಿದ್ದ ಹೆಸರೇ ‘ಅತಿಥಿ ಕಾರ್ಮಿಕರು’. 1964ರಲ್ಲಿ ಹತ್ತು ಲಕ್ಷದ ಎಣಿಕೆಯನ್ನು ತುಂಬಿದ ಪೋರ್ಚುಗಲ್ಲಿನ ಬಡಗಿಯೊಬ್ಬನಿಗೆ ಕೊಲೋನ್ ನಗರದ ರೈಲು ನಿಲ್ದಾಣದಲ್ಲಿ ಹೂಗಳನ್ನೂ ಮೋಟಾರು ಬೈಸಿಕಲ್ಲನ್ನೂ ಇತ್ತು ಸತ್ಕರಿಸಿದರು. ಕೆಲವು ಕಾಲ ದುಡಿದು ಊರಿಗೆ ಮರಳುವುದೆಂದು ಕರೆದವರೂ ಬಂದವರೂ ನಂಬಿದ್ದರು.

1973ರಲ್ಲಿ ಹೊಸಬರನ್ನು ಕರೆಯುವುದು ನಿಂತಿತು. ಒಮ್ಮೆ ಹೋದರೆ ತಿರುಗಿ ಬರಲು ಎಡೆಯಿಲ್ಲವೆಂದರಿತ ಅನೇಕರು ಹೆಂಡಿರು ಮಕ್ಕಳನ್ನು ಕರೆಯಿಸಿಕೊಂಡು ಅಲ್ಲಿಯೇ ನೆಲೆಸಿದರು. ಆದರೆ 1913ರ ಕಾನೂನಿನಂತೆ ಪೌರತ್ವವು ರಕ್ತದಿಂದ ಬರತಕ್ಕದ್ದು, ನೆಲದಿಂದಲ್ಲ. ಅಲ್ಲಿಯೇ ಹುಟ್ಟಿ, ಅಲ್ಲಿಯ ಶಾಲೆಯಲ್ಲಿ ಓದಿ, ಅಲ್ಲಿಯ ಭಾಷೆಯನ್ನಾಡುವ ಮಗುವೂ ಕಾಗದದಲ್ಲಿ ಪರದೇಶಿಯೇ. ದೊಡ್ಡವನಾಗಿ ತೆರಿಗೆ ಕೊಡಬೇಕು. ಶಾಸನಸಭೆಗೆ ಮತ ಕೊಡುವಂತಿಲ್ಲ. ‘ಇವರು ನಮ್ಮೊಡನೆ ಬೆರೆಯರು’ ಎಂದು ದೂರಿದವರು ಬಹುಮಂದಿ. ಬೆರೆಯಲು ಬಾಗಿಲು ತೆರೆದಿತ್ತೇ ಎಂದು ಕೇಳಿದವರು ಕೆಲವರೇ. 1993ರಲ್ಲಿ ಜೋಲಿಂಗೆನ್ ಪಟ್ಟಣದಲ್ಲಿ ದ್ವೇಷಿಗಳು ತುರ್ಕಿ ಕುಟುಂಬವೊಂದರ ಮನೆಗೆ ಬೆಂಕಿಯಿಟ್ಟುದರಿಂದ ಸ್ತ್ರೀಯರೂ ಬಾಲಿಕೆಯರೂ ಕೂಡಿ ಐವರು ಮಡಿದರು.

ಕಡೆಗೆ 2000ನೆಯ ಇಸವಿಯಲ್ಲಿ ಕಾನೂನು ತಿರುಗಿತು. ತಾಯಿತಂದೆಗಳಲ್ಲೊಬ್ಬರು ಎಂಟು ವರ್ಷ ಕ್ರಮವಾಗಿ ನೆಲೆಸಿದ್ದು ಶಾಶ್ವತವಾಸದ ಹಕ್ಕನ್ನು ಪಡೆದಿದ್ದರೆ, ಅಲ್ಲಿ ಹುಟ್ಟಿದ ಶಿಶುವು ಜನ್ಮದಿಂದಲೇ ಜರ್ಮನ್ ಪ್ರಜೆಯಾಯಿತು. 2024ರಲ್ಲಿ ಆ ಅವಧಿಯು ಐದು ವರ್ಷಕ್ಕಿಳಿಯಿತು. ಹೊಸದಾಗಿ ಪ್ರಜೆಯಾಗುವವನು ಹಿಂದಿನ ಪೌರತ್ವವನ್ನು ತೊರೆಯಬೇಕೆಂಬ ನಿರ್ಬಂಧವೂ ತಪ್ಪಿತು. ಭಾಷೆಯನ್ನು ಕಲಿತಿರಬೇಕು, ಸ್ವಂತ ದುಡಿಮೆಯಿಂದ ಬಾಳಬೇಕು ಎಂಬ ನಿಯಮಗಳು ಉಳಿದವು, ಅವು ನ್ಯಾಯವಾದುವೇ.

ಕಾನೂನೊಂದೇ ಮನಸ್ಸುಗಳನ್ನು ಕೂಡಿಸಲಾರದು, ನಿಜ. ಆದರೂ ನಮ್ಮ ಮನೆಗಳ ಅನುಭವವನ್ನೇ ನೋಡಿರಿ. ಸೊಸೆಯು ಹೊಸ್ತಿಲು ದಾಟಿದ ದಿನವೇ ಮನೆಯವಳು. ಮನೆಯ ರೀತಿಗಳನ್ನು ಕಲಿಯುವುದು ಆ ಮೇಲೆ. ತವರನ್ನು ಮರೆತರೆ ಮಾತ್ರ ನಮ್ಮವಳೆನ್ನುವ ಮನೆಯಲ್ಲಿ ಆಕೆಯ ಮನಸ್ಸು ನಿಲ್ಲುವುದೇ? ನಮ್ಮವರೆಂದು ಮೊದಲು ಕರೆದರೆ ನಮ್ಮವರಾಗುವುದು ಸುಲಭವೆಂದು ನಮಗೆ ತೋರುತ್ತದೆ.